ಆಣೆ ಬೇಡವೆಂದ ಅಜ್ಜನವರು

ಹಿರೇಬೇವಿನಕಟ್ಟಿಯ ಮಠದಲ್ಲಿ ಪೂಜ್ಯ ಶಂಭುಲಿಂಗ ಅಜ್ಜನವರನ್ನು ಕಾಣಬೇಕೆಂದರೆ ಗದ್ದುಗೆಯ ಕಡೆ ಹೋಗಿ ಪ್ರಯೋಜನವಿರಲಿಲ್ಲ. ಬೆಳಗಿನ ಪೂಜೆ ಮುಗಿಯಿತೆಂದರೆ ಪೂಜ್ಯರು ದಾಸೋಹದ ಅಡಿಗೆಮನೆಯಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತು ಮೆಂತ್ಯಸೊಪ್ಪು ಸೋಸುತ್ತಿದ್ದರು. ಬಡವರಿಗಾಗಿ ಮಠದ ಪಕ್ಕದಲ್ಲೇ ಆಸ್ಪತ್ರೆ ಕಟ್ಟಿಸಿದ ಆ ಮಹಾನುಭಾವರು ಅದರ ಗೋಡೆಯ ಮೇಲೆ ತಮ್ಮ ಹೆಸರನ್ನು ಬರೆಯಗೊಟ್ಟಿರಲಿಲ್ಲ.

ಒಂದು ದಿನ ಮಧ್ಯಾಹ್ನ ಆಸ್ಪತ್ರೆಯ ಹಿರಿಯ ವೈದ್ಯೆ ಡಾ. ಕಮಲಾಕ್ಷಿ ಬೆಂಡಿಗೇರಿಯವರು ಏದುಸಿರು ಬಿಡುತ್ತ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತರು. ಕೈಗುಣದಲ್ಲಿ ಅವರನ್ನು ಮೀರಿಸುವವರು ಸುತ್ತಲಿನ ಊರುಗಳಲ್ಲಿ ಇರಲಿಲ್ಲ. ಬಾಯಿ ಮಾತ್ರ ಕಾದ ಹಂಚು. ಗದ್ದುಗೆ, ವಿಭೂತಿ ಎಂದರೆ ಅವರಿಗೆ ನಗು.

ಅಂದು ನಗು ಇರಲಿಲ್ಲ. "ಅಜ್ಜಾರ, ಮೂರು ವರ್ಷದ ಕೂಸು ಕಣ್ಣು ತೆರೀವಲ್ದು. ಫಿಟ್ಸ್ ಬಂದು ಸೇರಿಸಿದ್ರು. ನಿನ್ನೆ ಆಡಕೋತ ಇತ್ತು, ಇವತ್ತು ಎಬ್ಬಿಸಿದ್ರೂ ಏಳವಲ್ದು. ಮಿದುಳಿಗೆ ಜ್ವರ ಏರಿತೋ, ಔಷಧ ಹೆಚ್ಚಾತೋ ತಿಳೀದ ನಾ ಏನು ಮಾಡಲಿ? ನರ್ಸ್‌ಗಳನ್ನ ಕೇಳಿದ್ರ ಎಲ್ಲಾರೂ ನೆಲಾ ನೋಡ್ತಾರ. ನನಗ ಇದರಾಗ ನಂಬಿಕಿ ಇಲ್ಲ, ಅವರಿಗೈತಿ. ಗದ್ದಿಗಿ ಮುಟ್ಟಿಸಿ ಆಣಿ ಮಾಡಸ್ರಿ."

ಪೂಜ್ಯರು ಉತ್ತರಿಸುವ ಮೊದಲೇ ಅಡಿಗೆಯ ಈರಯ್ಯ ಒಲೆಯ ಮುಂದಿನಿಂದ ಎದ್ದು ಬಂದ. "ಅಜ್ಜಾರ, ನುಚ್ಚು ತಳಾ ಹತ್ತೇತ್ರಿ. ನಾನ ಹರಟಿ ಹೊಡಕೋತ ನಿಂತಿದ್ದೆ."

"ಹೇಳಿದ್ದು ಚಲೋ ಆತು. ಮ್ಯಾಲಿಂದು ಬ್ಯಾರೆ ಪಾತ್ರೆಗೆ ತಗಿ. ತಳದ್ದು ನನಗಿಡು."

ಈರಯ್ಯ ಗುನುಗುತ್ತಲೇ ಹೋದ. ಆಗ ಪೂಜ್ಯರು ಸೊಪ್ಪಿನ ಮೊರವನ್ನು ಬದಿಗಿರಿಸಿ ವೈದ್ಯೆಯ ಮುಖ ನೋಡಿದರು.

"ಆಣಿ ಇಲ್ಲದ ನಿಜ ಹೇಳಿದಾಕಿ ಒಬ್ಬಾಕಿ ಇದ್ಲಲ್ಲ ಡಾಕ್ಟರವ್ವ. ಆಕಿ ಎಲ್ಲಿ?"

ಹಿಂದಿನ ವಾರವಷ್ಟೇ ದಾನೇಶ್ವರಿ ಎಂಬ ನರ್ಸು ಒಬ್ಬರ ಇಂಜೆಕ್ಷನ್ನನ್ನು ಪಕ್ಕದ ಹಾಸಿಗೆಯವರಿಗೆ ಕೊಟ್ಟಿದ್ದಳು. ಯಾರೂ ನೋಡಿರಲಿಲ್ಲ. ತಾನಾಗಿಯೇ ಓಡಿಬಂದು ಹೇಳಿದಳು, ಅದರಿಂದಲೇ ಆ ಜೀವ ಉಳಿಯಿತು. ವೈದ್ಯೆ ಮಾತ್ರ ರೋಗಿಗಳ ಮನೆಯವರೆಲ್ಲ ನೋಡುತ್ತಿರುವಾಗಲೇ "ಕುರಿ ಕಾಯಾಕ ಹೋಗು" ಎಂದು ಆಕೆಯನ್ನು ಹೊರಗೆ ಹಾಕಿದ್ದರು. ಅಂದಿನಿಂದ ವಾರ್ಡಿನಲ್ಲಿ ಒಂದೇ ಒಂದು ತಪ್ಪಿನ ಸುದ್ದಿಯೂ ಅವರ ಕಿವಿಗೆ ಬಿದ್ದಿರಲಿಲ್ಲ. ಎಲ್ಲರ ಬಾಯಿಗೆ ಬೀಗ ಬಿದ್ದದ್ದನ್ನು ಶಿಸ್ತು ಎಂದುಕೊಂಡು ಅವರು ನೆಮ್ಮದಿಯಿಂದ ನಿದ್ದೆ ಮಾಡಿದ್ದರು.

ಪೂಜ್ಯರು ಮೆಲ್ಲನೆ ನುಡಿದರು. "ಅಂಜಿಸಿದ್ರ ತಪ್ಪು ನಿಂದರೂದಿಲ್ಲವ್ವ. ಹೇಳೂದು ನಿಂದರತದ."

ಕಮಲಾಕ್ಷಿಯವರು ಬಂದ ದಾರಿಯಲ್ಲೇ ತಿರುಗಿದರು. ನರ್ಸ್‌ಗಳ ವಸತಿಯಲ್ಲಿ ದಾನೇಶ್ವರಿ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದಳು.

"ಹೊಂಟೀನ್ರಿ ಬಾಯಾರ. ಬೈಯೂದು ಇನ್ನೂ ಉಳದೈತೇನ್ರಿ?"

"ಬೈಯಾಕ ಬಂದಿಲ್ಲವಾ. ಕರಿಯಾಕ ಬಂದೀನಿ, ನಡಿ."

ಆಕೆಯ ಕೈ ಹಿಡಿದು ವಾರ್ಡಿನ ನಡುವೆ ನಿಲ್ಲಿಸಿ, ಬೈದ ದಿನ ಎತ್ತಿದ್ದ ದನಿಯಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದರು: "ಈಕಿ ಬಾಯಿ ಬಿಟ್ಟಿದ್ದಕ್ಕ ಒಂದು ಜೀವ ಉಳೀತು. ನಾನು ಈಕಿನ್ನ ಹೊರಗ ಹಾಕಿದೆ. ಅದು ನನ್ನ ತಪ್ಪು. ಈಗ ಇನ್ನೊಂದು ಜೀವ ಐತಿ. ಹೇಳಿದವರ ಕೆಲಸಕ್ಕ ಏನೂ ಆಗೂದಿಲ್ಲ."

ದಾನೇಶ್ವರಿ ತಾನೇ ಹೋಗಿ ಕೂಸಿನ ಹಾಸಿಗೆಯ ಪಕ್ಕ ನಿಂತು ಅದರ ಹಣೆ ಸವರಿದಳು. ಆಗ ಮೂಲೆಯಲ್ಲಿದ್ದ ಕಸ್ತೂರಿ ಎಂಬ ಹೊಸ ನರ್ಸು ಬಿಕ್ಕಿದಳು.

"ಫಿಟ್ಸಿನ ಔಷಧ ರಾತ್ರಿ ಡ್ಯೂಟಿಯವರು ಹೋಗೂ ಮುಂದ ಕೊಟ್ಟಿದ್ರಂತ್ರಿ. ನನಗ ಹೇಳಿರಲಿಲ್ಲ. ನಾ ಬಂದು ಮತ್ತ ಕೊಟ್ಟೆ. ಆಮ್ಯಾಲ ತಿಳೀತ್ರಿ... ಅಂಜಿಕಿ ಬಂತ್ರಿ."

ಕಮಲಾಕ್ಷಿಯವರ ಬಾಯಿ ಹಳೆಯ ರೂಢಿಯಂತೆ ತೆರೆಯಿತು. ಮರುಕ್ಷಣವೇ ಮುಚ್ಚಿತು. "ಎಷ್ಟು ಹೊತ್ತಾತು?" ಎಂದಷ್ಟೇ ಕೇಳಿದರು.

ಕಾರಣ ಯಾವುದೆಂದು ಗೊತ್ತಾದ ಮೇಲೆ ಅವರ ಕೈಗೆ ಅನುಮಾನವಿರಲಿಲ್ಲ. ಔಷಧದ ಅಮಲು ಇಳಿಯುವವರೆಗೆ ಕೂಸಿನ ಉಸಿರನ್ನು ಕಾದರು, ಒಂದು ಪಕ್ಕ ಕಸ್ತೂರಿ, ಇನ್ನೊಂದು ಪಕ್ಕ ದಾನೇಶ್ವರಿ. ದೀಪ ಹಚ್ಚುವ ಹೊತ್ತಿಗೆ ಕೂಸು ಕಣ್ಣು ಬಿಟ್ಟು, ಅವ್ವ ಬೇಕೆಂದು ಛಾವಣಿ ಹಾರಿಹೋಗುವಂತೆ ಅತ್ತಿತು. ಆ ತಾಯಿಯ ಸಂತೋಷವನ್ನು ಹೇಳಲು ಮಾತು ಬೇಕೇ? ಇನ್ನು ಮೇಲೆ ಡ್ಯೂಟಿ ಬದಲಾಗುವಾಗ ಹೋಗುವವರೂ ಬರುವವರೂ ರೋಗಿಯ ಪಕ್ಕದಲ್ಲೇ ನಿಂತು, ಕೊಟ್ಟದ್ದು ಬಿಟ್ಟದ್ದು ಮಾತಾಡಿಕೊಂಡೇ ಕದಲಬೇಕೆಂದು ವೈದ್ಯೆ ಅಲ್ಲೇ ಗೊತ್ತುಮಾಡಿದರು.

ಕಸ್ತೂರಿ ವೈದ್ಯೆಯ ಮುಂದೆ ಬಂದು ನಿಂತಳು. "ಬಾಯಾರ, ಬೈದು ಬಿಡ್ರಿ. ನೀವು ಸುಮ್ಮಕಿದ್ರ ಹೆಚ್ಚು ಹೆದರಿಕಿ ಆಗತೈತ್ರಿ."

"ಬೈತೀನಿ. ನಾಳಿ ಡ್ಯೂಟಿಗೆ ಬಾ, ಪುರಸೊತ್ತಿನಿಂದ ಬೈತೀನಿ."

ದಾನೇಶ್ವರಿ ಮೊದಲು ನಕ್ಕಳು, ಆಮೇಲೆ ವಾರ್ಡೇ ನಕ್ಕಿತು. ಕೂಸನ್ನು ನೋಡಲೆಂದು ಬಂದ ಪೂಜ್ಯರು ಬಾಗಿಲಲ್ಲಿ ಆ ನಗುವನ್ನು ಕೇಳಿ ಕ್ಷಣಕಾಲ ಕಣ್ಣುಮುಚ್ಚಿ ನಿಂತರು. ತಾವು ಒಳಗೆ ಹೋದರೆ ಎಲ್ಲರೂ ಕಾಲಿಗೆ ಬೀಳಲು ಎದ್ದು ಕೆಲಸ ಕೆಟ್ಟೀತೆಂದು, ಸದ್ದಿಲ್ಲದೆ ಮಠದ ಕಡೆ ನಡೆದರು.