ಮೂವತ್ತೊಂದು ಪ್ರಶ್ನೆಗಳ ಲಿನಕ್ಸ್

ಗುಡ್ಡದ ಮೇಲಿನ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದವರು ಹಂಪಣ್ಣವರ ಎಂಬ ಅಡ್ಡಹೆಸರಿನ ಗುರುಗಳು. ಮಾತು ಕಡಿಮೆ, ಚಹಾ ಜಾಸ್ತಿ. ಅವರ ಕೈಕೆಳಗೆ ಕಲಿಯುತ್ತಿದ್ದ ಬಸಲಿಂಗನಿಗೆ ಚಹಾ ಸೇರುತ್ತಿರಲಿಲ್ಲ. ಅವನಿಗೆ ಮಾತೇ ಸಾಕಾಗುತ್ತಿತ್ತು.

ಒಂದು ಬೆಳಿಗ್ಗೆ ಬಸಲಿಂಗ ಗುರುಗಳ ಮುಂದೆ ಒಂದು ಪೆನ್‌ಡ್ರೈವ್ ಇಟ್ಟ. ಕ್ಯಾಂಪಸ್ಸಿಗೆಂದೇ ಮೂರು ತಿಂಗಳು ಹೆಣಗಾಡಿ ಹೊಂದಿಸಿದ ಲಿನಕ್ಸ್, ಅಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಅದರಲ್ಲಿತ್ತು.

"ಇನ್ನ ಯಾರೂ ನನಗ ಫೋನ್ ಮಾಡೂದು ಬ್ಯಾಡ್ರಿ. ತಮ್ಮ ಕಂಪ್ಯೂಟರಿಗೆ ತಾವ ಹಾಕ್ಕೋಬಹುದು. ನೀವು ಹ್ಞೂಂ ಅಂದ್ರ ನಾಳೆ ಎಲ್ಲಾ ವಿಭಾಗಕ್ಕೂ ಕಳಸ್ತೀನಿ."

ಗುರುಗಳು ಹ್ಞೂಂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವನನ್ನು ಸಸ್ಯಶಾಸ್ತ್ರ ವಿಭಾಗಕ್ಕೆ ಕರೆದೊಯ್ದರು.

ಅಲ್ಲಿ ನೀಲಗಂಗಕ್ಕ ಇದ್ದರು. ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಅವುಗಳ ವಿವರ ಕಂಪ್ಯೂಟರಿನಲ್ಲಿ ಬರೆದಿಡುವುದು ಅವರ ಕೆಲಸ. ಗುರುಗಳು ಪೆನ್‌ಡ್ರೈವನ್ನು ಅವರ ಕೈಗಿತ್ತರು. ಆಮೇಲೆ ಒಂದು ಲೋಟ ನೀರು ತುಂಬಿ ಬಸಲಿಂಗನಿಗೆ ಕೊಟ್ಟರು.

"ಬಾಯಿತುಂಬ ಹಿಡಕೋ. ಅಕ್ಕಾರ ಕೆಲಸ ಮುಗಿಯೂತನಕ ನುಂಗಬ್ಯಾಡ, ಉಗುಳಬ್ಯಾಡ."

ಪರದೆ ಪ್ರಶ್ನೆ ಕೇಳತೊಡಗಿತು, ಒಟ್ಟು ಮೂವತ್ತೊಂದು. ಯಾವ ದೇಶದ ಗಡಿಯಾರ? ಪ್ರಿಂಟರ್ ಎಲ್ಲಿದೆ? ಇಂಟರ್ನೆಟ್ಟಿಗೆ ಹೋಗುವ ಪ್ರಾಕ್ಸಿಯ ವಿಳಾಸ ಏನು?

"ವಿಳಾಸ ಕೇಳತೈತಲ್ಲಪಾ. ನಮ್ಮನಿದು ಕೊಡ್ಲೇನು?" ಎಂದು ನೀಲಗಂಗಕ್ಕ ಬಸಲಿಂಗನ ಮುಖ ನೋಡಿದರು. ಅವನ ಕೆನ್ನೆಗಳೆರಡೂ ಉಬ್ಬಿದ್ದವು.

ನಾಲ್ಕನೆಯ ಪ್ರಶ್ನೆಗೆ ಅವನಿಗೆ ತಡೆಯಲಾಗಲಿಲ್ಲ. ಗಟಕ್ಕನೆ ನೀರು ನುಂಗಿ, ಉಳಿದ ಇಪ್ಪತ್ತೆಂಟಕ್ಕೂ ಉತ್ತರ ಒಪ್ಪಿಸಲು ಶುರುಮಾಡಿದ. ಗುರುಗಳು ಕಂಪ್ಯೂಟರ್ ಬಂದ್ ಮಾಡಿದರು.

"ಇವೆಲ್ಲಾ ನಿನಗ ಹೆಂಗ ಗೊತ್ತು?"

"ಇಡೀ ಕ್ಯಾಂಪಸ್ಸಿಗೆ ಒಂದ ಉತ್ತರರೀ."

"ಹೌದಾ," ಎಂದು ಗುರುಗಳು ಚಹಾ ಕುಡಿಯಲು ಹೋದರು.

ಬಸಲಿಂಗನಿಗೆ ನಾಚಿಕೆಯಾಯಿತು. ಒಂದು ವಾರ ಕೂತು ಮೂವತ್ತೊಂದೂ ಪ್ರಶ್ನೆಗಳನ್ನು ಕಿತ್ತುಹಾಕಿದ. ಉತ್ತರಗಳನ್ನೆಲ್ಲ ಒಳಗೇ ತುಂಬಿಸಿಟ್ಟ. ಪರದೆಯ ಮೇಲೆ ಉಳಿದದ್ದು ಒಂದೇ ಗುಂಡಿ, "ಶುರು ಮಾಡಿ" ಎಂದು.

ಮತ್ತೆ ಸಸ್ಯಶಾಸ್ತ್ರ ವಿಭಾಗಕ್ಕೆ ಹೋದಾಗ, ಬಾಯಿಗೆ ನೀರು ತುಂಬಿಕೊಂಡವನು ಈ ಸಲ ಮದುಮಗನ ಹಾಗೆ ಎದೆಯುಬ್ಬಿಸಿ ನಿಂತ.

"ಇಷ್ಟ ಏನು? ಶಾಣ್ಯಾ ಇದ್ದಿ ಬಿಡಪಾ," ಎಂದು ನೀಲಗಂಗಕ್ಕ ಬೆರಳನ್ನು ಗುಂಡಿಯತ್ತ ಒಯ್ದರು. ಒಯ್ಯುತ್ತಲೇ ಗುರುಗಳ ಕಡೆ ತಿರುಗಿ ಹೇಳಿದರು, "ಹನ್ನೆರಡು ವರ್ಷದ ಬರವಣಿಗಿ ಇದರಾಗ ಐತ್ರಿ. ಮೂರು ಸಾವಿರ ಗಿಡ. ಎಲ್ಲಿ ಸಿಕ್ಕಿತು, ಯಾವಾಗ ಹೂ ಬಿಟ್ಟಿತು, ಎಲ್ಲಾ. ಬ್ಯಾರೆ ಎಲ್ಲೂ ಬರದಿಟ್ಟಿಲ್ಲ."

ಬಸಲಿಂಗನಿಗೆ ಆಗ ನೆನಪಾಯಿತು. ಹಳೆಯದನ್ನು ಉಳಿಸಲೋ ಅಳಿಸಲೋ ಎಂದು ಕೇಳುವ ಪ್ರಶ್ನೆಯೂ ಆ ಮೂವತ್ತೊಂದರಲ್ಲಿ ಇತ್ತು. ಅದಕ್ಕೂ ಅವನೇ ಉತ್ತರ ತುಂಬಿಸಿದ್ದ: ಅಳಿಸು.

ಬಾಯೊಳಗಿನ ನೀರಷ್ಟೂ ಪುರ್ರೆಂದು ಗುರುಗಳ ಅಂಗಿಯ ಮೇಲೆ ಬಿತ್ತು.

"ಮುಟ್ಟಬ್ಯಾಡ್ರಿ ಅಕ್ಕಾರ, ಎಲ್ಲಾ ಅಳಸಿ ಹೋಗ್ತೈತಿ."

ನೀಲಗಂಗಕ್ಕ ಕೈ ಹಿಂದಕ್ಕೆ ಎಳೆದುಕೊಂಡರು. ಬಸಲಿಂಗನ ಕಣ್ಣು ತುಂಬಿಬಂತು. ಗುರುಗಳು ಮಾತ್ರ ಅಂಗಿ ಹಿಂಡಿಕೊಳ್ಳುತ್ತ ನಗುತ್ತಿದ್ದರು.

"ಪ್ರಶ್ನೆ ಇರಬಾರದು ಅಂತ ತಿಳಕೊಂಡೆರೀ ಗುರುಗಳ."

"ಅಕ್ಕಾರು ಇದರಾಗ ಏನ ಇಟ್ಟಾರಂತ ನಿನಗ ಗೊತ್ತಿತ್ತೇನು?"

"ಇಲ್ರಿ."

ಗುರುಗಳು ಅಂಗಿ ಒಣಗಿಸಲು ಬಿಸಿಲಿಗೆ ಹೋಗಿ ನಿಂತರು.

ಮರುದಿನ ಪರದೆಯ ಮೇಲೆ ಒಂದೇ ಪ್ರಶ್ನೆ ಇತ್ತು, ಅಚ್ಚ ಕನ್ನಡದಲ್ಲಿ: "ಈ ಕಂಪ್ಯೂಟರಿನಲ್ಲಿ ನೀವು ಉಳಿಸಿಕೊಳ್ಳಬೇಕಾದ್ದು ಏನಿದೆ?" ನೀಲಗಂಗಕ್ಕ ಅದನ್ನು ಓದಿ, ತಮ್ಮ ಗಿಡಗಳ ಕಡತವನ್ನು ತೋರಿಸಿ, ಗುಂಡಿ ಒತ್ತಿದರು.

ಅರ್ಧ ತಾಸಿನಲ್ಲಿ ಹೊಸ ಲಿನಕ್ಸ್ ಕಣ್ಣು ಬಿಟ್ಟಿತು. ಮೂರು ಸಾವಿರ ಗಿಡಗಳೂ ಇದ್ದವು. ನೀಲಗಂಗಕ್ಕ ಒಂದೊಂದನ್ನೇ ತೆರೆದು ನೋಡುತ್ತ, ಪಕ್ಕದಲ್ಲಿ ಇಬ್ಬರು ನಿಂತಿರುವುದನ್ನೇ ಮರೆತುಬಿಟ್ಟರು.

ಬಸಲಿಂಗ ಈ ಸಲವೂ ಬಾಯಲ್ಲಿ ಹಿಡಿದಿದ್ದ ನೀರನ್ನು ಹಿಗ್ಗಿನಿಂದ ನುಂಗಿದ.

"ಗುರುಗಳ, ಈಗ ಸರಿ ಆತೇನ್ರಿ? ಎಲ್ಲಾ ವಿಭಾಗಕ್ಕ ಕಳಸಲೇನು?"

"ಸರಿ ಆತೋ ಇಲ್ಲೋ, ನಿನಗ ಗೊತ್ತಾಗಿಲ್ಲೇನು?"

ಬಸಲಿಂಗ ನೀಲಗಂಗಕ್ಕನ ಕಡೆ ಒಮ್ಮೆ ನೋಡಿದ.

"ಗೊತ್ತಾಗೇತ್ರಿ. ಸರಿ ಆಗೇತಿ."

"ಮತ್ತ ನನ್ನ ಯಾಕ ಕೇಳ್ತಿ?" ಎಂದರು ಗುರುಗಳು.