ಎಳೆ ಹರಿಯದ ಮನೆ

“ಅಜ್ಜಾರ, ಮನಿ ಮಾರುವಾಗ ಕೇಳಿದ್ದಕ್ಕ ಖರೇ ಹೇಳಿದ್ರ ಸಾಕೋ, ಕೇಳದ್ದನ್ನೂ ಹೇಳಬೇಕೋ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಮಲ್ಲಿನಾಥ. ಹದಿನೈದು ವರ್ಷದಿಂದ ಮಠಕ್ಕೆ ನಡೆದುಕೊಳ್ಳುತ್ತಿರುವ ಶಿಷ್ಯ. ಊರ ನಡುವಿನ ಮನೆ ಮಾರಿ ಹೊಲದ ಹತ್ತಿರ ಇನ್ನೊಂದು ಕಟ್ಟಿಸುವ ಯೋಚನೆಯಲ್ಲಿದ್ದ. ಗಿರಾಕಿಯೂ ಸಿಕ್ಕಿದ್ದ. ಅವನೊಬ್ಬ ಶಾಲೆಯ ಮಾಸ್ತರ. ಹಿಂದಿನ ದಿನವಷ್ಟೇ ಹೆಂಡತಿಯನ್ನು ಕರೆದುಕೊಂಡು ಬಂದು ಮನೆ ನೋಡಿ ಹೋಗಿದ್ದ. ಆಕೆ ಐದು ತಿಂಗಳ ಬಸುರಿ. ದಣಿದು ಪಡಸಾಲೆಯಲ್ಲಿ ಕುಳಿತವಳು ಹಿತ್ತಲ ಬಾವಿಯ ನೀರನ್ನು ಎರಡು ಸಲ ಕೇಳಿ ಕುಡಿದಳಂತೆ. ಇಂಥ ಸಿಹಿನೀರನ್ನು ಈ ಊರಿಗೆ ಬಂದಮೇಲೆ ಕುಡಿದೇ ಇಲ್ಲ ಎಂದಳಂತೆ. ಇದನ್ನು ಮಲ್ಲಿನಾಥ ಬಹಳ ಹಿಗ್ಗಿನಿಂದ ಹೇಳಿದ.

“ಅಷ್ಟು ಚಲೋ ಮನಿ ಅಂದ ಮ್ಯಾಲೆ ಹೇಳದ ಉಳದದ್ದು ಏನೈತಿ?” ಎಂದರು ಗುರುಗಳು.

ಮಲ್ಲಿನಾಥ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. ಹಿತ್ತಲ ಬಾವಿಗೆ ಏಳು ಕಲ್ಲಿನ ಮೆಟ್ಟಿಲು ಇಳಿಯಬೇಕು. ಮಳೆಗಾಲದಲ್ಲಿ ಅವು ಪಾಚಿ ಕಟ್ಟುತ್ತವೆ. ಎಷ್ಟು ತಿಕ್ಕಿದರೂ ನಾಲ್ಕು ದಿನದಲ್ಲಿ ಮತ್ತೆ ಜಾರುತ್ತವೆ. ಅವನೇ ಎರಡು ಸಲ ಬಿದ್ದಿದ್ದ, ಒಮ್ಮೆ ಕೈ ಮುರಿದುಕೊಂಡಿದ್ದ. ಈಗ ಬೇಸಿಗೆ. ಮೆಟ್ಟಿಲು ಒಣಗಿವೆ, ಮೇಲೆ ಸುಣ್ಣವನ್ನೂ ಬಳಿಸಿದ್ದಾನೆ. ಮಾಸ್ತರ ಅವನ್ನು ನೋಡಿದ, ಏನೂ ಕೇಳಲಿಲ್ಲ.

“ನಾ ಒಂದು ಸುಳ್ಳೂ ಹೇಳಿಲ್ರಿ,” ಎಂದ ಮಲ್ಲಿನಾಥ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ ಅವನದು. ಅಂಥ ಮಗ್ಗಕ್ಕೆ ತಂಪು ನೆಲ ಬೇಕು. ನೆಲದಲ್ಲಿ ಪಸೆ ಇದ್ದರೆ ನೂಲು ಹೇಳಿದ ಮಾತು ಕೇಳುತ್ತದೆ. ಒಣ ಗಾಳಿ ಬಡಿದರೆ ಪಟಪಟನೆ ಹರಿಯುತ್ತದೆ. ಈ ನೇಕಾರನ ಮನೆಯ ನೆಲ ಹನ್ನೆರಡು ತಿಂಗಳೂ ತಂಪು. ಮಳೆಗಾಲದಲ್ಲಂತೂ ಗೋಡೆಗೆ ಕೈಯಿಟ್ಟರೆ ಅಂಗೈ ಒದ್ದೆಯಾಗುತ್ತಿತ್ತು. ಅವನ ಸೀರೆಗೆ ಸಂತೆಯಲ್ಲಿ ದೊಡ್ಡ ಹೆಸರು. ಹೆಸರು ಅವನಿಗೆ ಬಂತು, ಅರ್ಧ ಕೆಲಸ ಮಾಡಿದ್ದು ನೆಲ.

ಆದರೆ ನೂಲಿಗೆ ಹಿತವಾದದ್ದು ಹೆಂಡತಿಯ ಎದೆಗೆ ಹಿತವಾಗಲಿಲ್ಲ. ಅವಳಿಗೆ ಉಬ್ಬಸ ಹತ್ತಿತು. ಮಳೆ ಬಂತೆಂದರೆ ಗೋಡೆಗೆ ಒರಗಿ ಕುಳಿತೇ ದಿನ ಕಳೆಯಬೇಕು. ವೈದ್ಯರು ನೋಡಿ, ಔಷಧದಿಂದ ಆಗುವ ಮಾತಲ್ಲ, ಈ ತಂಡಿ ಮನೆ ಬಿಡಿ ಎಂದರು. ನೇಕಾರನಿಗೆ ಹೆಂಡತಿ ಎಂದರೆ ಜೀವ. ಎರಡನೆಯ ಮಾತಿಲ್ಲದೆ ಮನೆಯನ್ನು ಮಾರಾಟಕ್ಕಿಟ್ಟ.

ಆಗಲೂ ಬೇಸಿಗೆಯೇ. ನೇಕಾರ ಮಗ್ಗ ಬಿಚ್ಚಿದ, ಗುಂಡಿಗೆ ಮಣ್ಣು ತುಂಬಿ ಬಡಿದು ಮೇಲೆ ಸಗಣಿ ಸಾರಿಸಿದ, ಗೋಡೆಗೆ ಸುಣ್ಣ ಬಳಿದ. ಮನೆ ಮದುಮಗಳ ಹಾಗೆ ಆಯಿತು.

ಬೆಲ್ಲದ ವ್ಯಾಪಾರಿಯೊಬ್ಬ ನೋಡಲು ಬಂದ. ಅವನೇನು ಪೆದ್ದನಲ್ಲ. ತೊಲೆಗಳನ್ನು ಬಡಿದು ಗೆದ್ದಲು ಹಿಡಿದಿದೆಯೇ ಎಂದು ಕಿವಿಗೊಟ್ಟು ಕೇಳಿದ. ಕಾಗದಪತ್ರ ತಿಳಿದವರಿಗೆ ತೋರಿಸಿದ. ಹಿತ್ತಲ ಗೋಡೆ ಯಾರದು, ಮಳೆನೀರು ಯಾವ ಕಡೆ ಹೋಗುತ್ತದೆ ಎಂದು ಅಕ್ಕಪಕ್ಕದವರನ್ನು ವಿಚಾರಿಸಿದ. ಬಾಗಿಲು ಯಾವ ದಿಕ್ಕಿಗೆ ಎಂದು ಮೂರು ಸಲ ನೋಡಿದ. ನೆಲವನ್ನು ಮಾತ್ರ ಮುಟ್ಟಿ ನೋಡಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ, ಅಂಗಾಲಿಗೆ ತಂಪು ತಗುಲಿತ್ತು. ಆದರೆ ಬೇಸಿಗೆಯಲ್ಲಿ ತಂಪು ಹತ್ತಿದರೆ ಯಾರಿಗೆ ಬೇಡ?

“ಮನಿ ಹ್ಯಾಂಗ ಐತ್ರಿ?” ಎಂದು ಕೇಳಿದ ವ್ಯಾಪಾರಿ.

“ಮೂವತ್ತು ವರ್ಷ ನೇಯ್ದೀನ್ರಿ. ಈ ಮನ್ಯಾಗ ಎಳಿ ಹರದದ್ದು ನಾ ಕಂಡಿಲ್ಲ.”

ನಿಜವಾದ ಮಾತು. ವ್ಯಾಪಾರಿ ಅದನ್ನು ಒಳ್ಳೆಯ ಶಕುನವೆಂದು ತಿಳಿದ.

“ಮತ್ತ ಯಾಕ ಮಾರತೀರಿ?”

“ಮನ್ಯಾಕಿಗೆ ಆರಾಮ ಇಲ್ರಿ. ಜಾಗಾ ಬದಲ ಮಾಡ್ರಿ ಅಂದಾರ ವೈದ್ಯರು.”

ಇದೂ ನಿಜವೇ. ವ್ಯಾಪಾರಿಗೆ ಮರುಕ ಬಂತು. ಕಷ್ಟದಲ್ಲಿರುವವನ ಹತ್ತಿರ ಚೌಕಾಸಿ ಮಾಡಬಾರದೆಂದು ಹೇಳಿದ ಬೆಲೆಗೇ ಒಪ್ಪಿಕೊಂಡ. ಆಗ ನೇಕಾರನ ಗಂಟಲವರೆಗೆ ಒಂದು ಮಾತು ಬಂದಿತ್ತು. ಈ ಮನೆಯಲ್ಲಿ ಬೆಲ್ಲ ನಿಲ್ಲುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಹೆಂಡತಿ ಒಳಗೆ ಕೆಮ್ಮಿದಳು. ಅವನು ಮಾತನ್ನು ನುಂಗಿಕೊಂಡ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡ.

ಇನ್ನು ನೇಕಾರ ಕೊಂಡ ಮನೆ. ಅದು ಊರಿನ ಮೂಡಲ ತುದಿಯಲ್ಲಿತ್ತು. ಹಪ್ಪಳ ಮಾಡಿ ಬದುಕುವ ಒಬ್ಬ ಮುದುಕಿಯ ಮನೆ. ತಂಗಿಯ ಜೊತೆಗಿರಲು ಪಕ್ಕದ ಓಣಿಗೆ ಹೋಗುವವಳು ಅದನ್ನು ಮಾರಲು ನಿಂತಿದ್ದಳು. “ಇಲ್ಲಿ ಹಪ್ಪಳ ನೆರಳಾಗ ಹಾಕಿದ್ರೂ ಮಧ್ಯಾಹ್ನದೊಳಗ ಒಣಗತಾವ ನೋಡಪ್ಪಾ,” ಎಂದಳು. ನೇಕಾರನಿಗೆ ಸ್ವರ್ಗ ಸಿಕ್ಕಷ್ಟು ಸಂತೋಷವಾಯಿತು. ಹೆಂಡತಿಗೆ ಇದೇ ಮನೆ ಎಂದುಕೊಂಡ. ಮೂವತ್ತು ವರ್ಷ ನೇಯ್ದವನಿಗೆ ಆ ಹೊತ್ತಿನಲ್ಲಿ ಮಗ್ಗದ ನೆನಪೇ ಬರಲಿಲ್ಲ.

ಹದಿನೈದು ದಿನದಲ್ಲಿ ಹೆಂಡತಿಯ ಉಬ್ಬಸ ಇಳಿಯಿತು. ತಾನೇ ಕೊಡ ಹೊತ್ತು ನೀರು ತಂದಳು. ನೇಕಾರ ಅದನ್ನು ನೋಡಿ ಕಣ್ಣೀರು ಹಾಕಿದ. ಆದರೆ ಮಗ್ಗ ಹೂಡಿದ ಮೊದಲ ದಿನವೇ ಎಳೆ ಹರಿಯಿತು. ಗಂಟು ಹಾಕಿದ, ಮತ್ತೊಂದು ಹರಿಯಿತು. ಒಂದು ಮೊಳ ನೇಯುವಷ್ಟರಲ್ಲಿ ಹತ್ತು ಗಂಟು. ನೆಲಕ್ಕೆ ನೀರು ಚಿಮುಕಿಸಿ ಸುತ್ತಲೂ ಒದ್ದೆ ಗೋಣಿ ಕಟ್ಟಿದ. ಎಳೆ ಹರಿಯುವುದು ನಿಂತಿತು, ಹೆಂಡತಿಯ ಕೆಮ್ಮು ಮರಳಿ ಬಂತು. ಗೋಣಿ ಬಿಚ್ಚಿ ಬಿಸಾಕಿದ. ಕೆಮ್ಮು ನಿಂತಿತು, ಎಳೆ ಹರಿಯಿತು. ಸಂತೆಯಲ್ಲಿ ಅವನ ಸೀರೆಯನ್ನು ತಿರುವಿ ನೋಡಿದವರು ಗಂಟು ಕಂಡು ಕೆಳಗಿಟ್ಟು ಹೋದರು.

ಸಿಟ್ಟು ನೆತ್ತಿಗೇರಿ ಮುದುಕಿಯ ಹತ್ತಿರ ಹೋದ.

“ಯವ್ವಾ, ಒಂದು ಮಾತು ಮೊದಲ ಹೇಳಬಾರದಿತ್ತೇನು? ಆ ಮನ್ಯಾಗ ಎಳಿ ತಡಿಯಂಗಿಲ್ಲ.”

ಮುದುಕಿ ಲಟ್ಟಣಿಗೆ ಕೆಳಗಿಟ್ಟಳು. “ಹೌದೇನಪ್ಪಾ? ನನಗ ಗೊತ್ತಿದ್ದದ್ದು ಹಪ್ಪಳ, ಅದನ್ನ ಹೇಳಿದೆ. ಮಗ್ಗದ್ದು ನನಗೇನು ಗೊತ್ತು? ಗೊತ್ತಿದ್ರ ಹೇಳದ ಇರತಿದ್ನೇನು?”

ಅವಳ ಕಣ್ಣಿನಲ್ಲಿ ನಿಜವಾದ ನೋವಿತ್ತು. ನೇಕಾರ ಅಲ್ಲಿ ನಿಲ್ಲಲಾರದೆ ಹೊರಗೆ ಬಂದ. ಅವಳಿಗೆ ಗೊತ್ತಿರಲಿಲ್ಲ, ಹೇಳಲಿಲ್ಲ. ತನಗೆ ಗೊತ್ತಿತ್ತು.

ಆ ದಿನವೇ ವ್ಯಾಪಾರಿಯ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಆಕಾಶದಲ್ಲಿ ಮೋಡವಿತ್ತು, ಮಳೆ ಇನ್ನೂ ಬಿದ್ದಿರಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡ. ನಾಳೆಯೂ ನಾಳೆ ಎಂದುಕೊಂಡ. ತಪ್ಪು ಮಾಡಿದವನಿಗೆ ಆ ಮನೆಯ ದಾರಿ ಎಷ್ಟು ದೂರವಾಗುತ್ತದೆ ಎಂದು ಮಾಡಿದವನಿಗೇ ಗೊತ್ತು. ಕಡೆಗೆ ಅವನು ಹೋದದ್ದು ಮಳೆ ಹಿಡಿದ ಎಂಟನೆಯ ದಿನ.

ವ್ಯಾಪಾರಿ ಇಡೀ ವರ್ಷದ ಬೆಲ್ಲವನ್ನು ಮಗ್ಗದ ಕೋಣೆಯಲ್ಲಿ ಒಟ್ಟಿದ್ದ. ಕೆಳಗಿನ ಸಾಲುಗಳು ಕರಗಿ ಪಾಕವಾಗಿದ್ದವು. ಕಪ್ಪು ನೀರು ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಿತ್ತು. ಗಂಡಹೆಂಡಿರಿಬ್ಬರೂ ಮೊಣಕೈವರೆಗೆ ಅಂಟು ಮಾಡಿಕೊಂಡು ಉಳಿದ ಬೆಲ್ಲವನ್ನು ಕಟ್ಟೆಗೆ ಸಾಗಿಸುತ್ತಿದ್ದರು.

ನೇಕಾರನನ್ನು ಕಂಡು ವ್ಯಾಪಾರಿ, “ಬರ್ರಿ, ಬರ್ರಿ. ಮನ್ಯಾಕಿ ಈಗ ಹ್ಯಾಂಗದಾರ?” ಎಂದ.

ಮೊದಲು ಕೇಳಿದ್ದೇ ಅದನ್ನು. ಆಮೇಲೆ, ನೇಕಾರನ ಮುಖ ನೋಡಿ, “ನೀವ್ಯಾಕ ಮುಖಾ ಸಣ್ಣದು ಮಾಡತೀರಿ? ನೀವು ಹೇಳಿದ್ರಿ. ಎಳಿ ಹರಿಯಂಗಿಲ್ಲ ಅಂದ್ರ ನೆಲಕ್ಕ ತಂಪು ಐತಿ ಅಂತ ನಾನ ತಿಳಕೋಬೇಕಿತ್ತು. ನನ್ನ ಬುದ್ಧಿ ಕಡಿಮಿ ಆತು,” ಎಂದ.

ಬೈದಿದ್ದರೆ ನೇಕಾರ ತಡೆದುಕೊಳ್ಳುತ್ತಿದ್ದ. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. ಅಂಟು ಹೊಸ್ತಿಲ ಮೇಲೆಯೇ ಕುಸಿದು ಕುಳಿತ.

“ನನಗ ಗೊತ್ತಿತ್ರಿ,” ಎಂದ.

ವ್ಯಾಪಾರಿಯ ಕೈಯಲ್ಲಿ ಒಂದು ಬೆಲ್ಲದ ಅಚ್ಚು ಇತ್ತು. ಅದು ಬೆರಳ ಸಂದಿನಿಂದ ಸೋರುತ್ತಲೇ ಇತ್ತು.

ನೇಕಾರ ಎದ್ದು ಹೋಗಿ ಬಂಡಿ ತಂದ. ಉಳಿದ ಬೆಲ್ಲವನ್ನೆಲ್ಲ ತನ್ನ ಒಣ ಮನೆಗೆ ಹೊತ್ತುಕೊಂಡು ಹೋದ. ಅರ್ಧ ಉಳಿಯಿತು, ಅರ್ಧ ಹೋಯಿತು. ನಾಲ್ಕು ದಿನದ ಮೇಲೆ ವ್ಯಾಪಾರಿ ತಾನಾಗಿಯೇ ಬಂದು, ಆ ಕೋಣೆ ಖಾಲಿ ಬಿದ್ದಿದೆ, ಮಗ್ಗ ಅಲ್ಲೇ ಹೂಡಿರಿ ಎಂದ. ಅಂದಿನಿಂದ ವ್ಯಾಪಾರಿಯ ಬೆಲ್ಲ ನೇಕಾರನ ಮನೆಯಲ್ಲಿ, ನೇಕಾರನ ಮಗ್ಗ ವ್ಯಾಪಾರಿಯ ಮನೆಯಲ್ಲಿ. ತುಂಬಿದ ಗುಂಡಿಯನ್ನು ನೇಕಾರ ತನ್ನ ಕೈಯಿಂದಲೇ ಅಗೆದ. ಎಳೆ ಮತ್ತೆ ಹರಿಯಲಿಲ್ಲ. ಹೆಂಡತಿಯೂ ಚೆನ್ನಾಗಿದ್ದಳು. ವ್ಯಾಪಾರಿ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ದಿನವೂ ನೇಕಾರನ ಹೆಂಡತಿಯ ಆರೋಗ್ಯ ವಿಚಾರಿಸುತ್ತಿದ್ದ. ಹೊಸ್ತಿಲ ಮೇಲಿನ ಕಪ್ಪು ಕಲೆ ಮಾತ್ರ ಹೋಗಲಿಲ್ಲ. ನೇಕಾರ ಬದುಕಿರುವವರೆಗೆ ದಿನವೂ ಅದನ್ನು ದಾಟಿ ಕೆಲಸಕ್ಕೆ ಹೋದ.

ಕತೆ ಮುಗಿಯಿತು. ಮಲ್ಲಿನಾಥ ನಿಟ್ಟುಸಿರು ಬಿಟ್ಟ.

“ಕಡೀಕ ಎಲ್ಲಾ ಚಲೋನ ಆತಲ್ರಿ, ಅಜ್ಜಾರ,” ಎಂದ. “ಅರ್ಧ ಬೆಲ್ಲಾ ಅಂತೂ ಉಳೀತು.”

ಗುರುಗಳು ಅವನ ಮುರಿದು ಕೂಡಿದ ಕೈಯ ಕಡೆ ನೋಡಿದರು.

“ಬೆಲ್ಲಾ ಕರಗಿದ್ರ ಮತ್ತ ತರಬಹುದು, ಮಲ್ಲಿನಾಥ. ಮಳಿ ಹಿಡದಾಗ ಆ ಬಾವಿ ಏಳು ಪಾವಟಿಗಿ ಇಳದು ನೀರು ತರಾಕಿ ಯಾರು?”

ಮಲ್ಲಿನಾಥನಿಗೆ ಉತ್ತರ ಗೊತ್ತಿತ್ತು. ಪಡಸಾಲೆಯಲ್ಲಿ ಕುಳಿತು ಎರಡು ಸಲ ನೀರು ಕೇಳಿ ಕುಡಿದವಳು ಕಣ್ಣ ಮುಂದೆ ಬಂದಳು.