ಹಲ್ಲಿಯಕ್ಕನ ಎರಡನೇ ಬಾಲ

ಲೋಕಕ್ಕೆ ಬಳಿದ ಬಣ್ಣ ಇನ್ನೂ ಹಸಿಯಾಗಿದ್ದ ಕಾಲ. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ದೊಡ್ಡವರಿಗೂ ಗೊತ್ತಿರಲಿಲ್ಲ, ಆದರೆ ಆ ಕಾಲದ ದೊಡ್ಡವರು ಅದನ್ನು ಒಪ್ಪಿಕೊಳ್ಳುತ್ತಿದ್ದರು.

ಒಂದು ಮಣ್ಣಿನ ಗೋಡೆಯ ನೆರಳಲ್ಲಿ ತಾಯವ್ವ ಕೆಂಚ, ದ್ಯಾಮಿ, ಸಣ್ಣೀರಿ ಎಂಬ ಮೂವರು ಪುಟ್ಟ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದಳು. ಮಕ್ಕಳು ಏನು ಕೇಳಿದರೂ ಅವಳದ್ದು ಒಂದೇ ಮಾತು: "ನನಗೇನು ಗೊತ್ತು? ಮುಟ್ಟಿ ನೋಡಿ, ಬಂದು ಹೇಳಿ." ಎಲ್ಲರ ಕೈಯೂ ತಾಗದೆ ಉತ್ತರ ಒಪ್ಪುವಂತಿರಲಿಲ್ಲ.

ಎಲ್ಲರೂ ಮುಟ್ಟಿದರು, ಕಲ್ಲು ಗಟ್ಟಿ ಎಂದರು. ಎಲ್ಲರೂ ಮುಟ್ಟಿದರು, ನೀರು ತಣ್ಣಗೆ ಎಂದರು. ಎಲ್ಲರೂ ಮುಟ್ಟಿದರು, ಕೆಂಪಿರುವೆ ಕಚ್ಚುತ್ತದೆ ಎಂದರು. ಅದನ್ನು ಮಾತ್ರ ಎರಡನೇ ಸಲ ನೋಡಲು ಯಾರೂ ಹೋಗಲಿಲ್ಲ.

ಒಂದು ದಿನ ದ್ಯಾಮಿ ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಿ ಕೇಳಿದಳು: "ಹಲ್ಲಿಯಕ್ಕನ ಬಾಲ ಎಲ್ಲಿಂದ ಶುರು?"

"ಇಲ್ಲಿಂದ" ಎಂದ ಕೆಂಚ.

"ಥೂ, ಅದು ಸೊಂಟ ಕಣೋ!"

ಹಲ್ಲಿಯಕ್ಕ ನಕ್ಕಳು. "ತಿರುಗಿ ನೋಡೋಕೆ ನನಗೂ ಪುರಸೊತ್ತಾಗಿಲ್ಲ ಮಕ್ಕಳೇ. ನೀವೇ ನೋಡಿ, ಮೆಲ್ಲಗೆ."

ಕೆಂಚ ಹಿಡಿದ. ದ್ಯಾಮಿ ಹಿಡಿದಳು. ಎಲ್ಲರಿಗಿಂತ ಚಿಕ್ಕವಳಾದ ಸಣ್ಣೀರಿಗೆ ಜಾಗವೇ ಸಿಗಲಿಲ್ಲ. "ನನ್ ಕೈ! ನನ್ ಕೈ!" ಎನ್ನುತ್ತ ತುದಿಗೆ ಜೋತುಬಿದ್ದಳು.

ಟಪ್!

ಬಾಲ ಸಣ್ಣೀರಿಯ ಕೈಯಲ್ಲಿ. ಹಲ್ಲಿಯಕ್ಕ ಗೋಡೆಯ ಮೇಲೆ.

ಬಾಲ ಕುಣಿಯುತ್ತಿತ್ತು!

ಗಾಳಿ ಬೀಸುವುದನ್ನೇ ಮರೆಯಿತು. ಹೊಳೆ ಹರಿಯುತ್ತಿದ್ದಲ್ಲೇ ನಿಂತಿತು. ಅದುವರೆಗೆ ಲೋಕದಲ್ಲಿ ಏನೂ ಮುರಿದಿರಲಿಲ್ಲ. ಇದೇ ಮೊದಲು.

"ಅಯ್ಯಯ್ಯೋ, ಹಲ್ಲಿಯಕ್ಕ ಎರಡಾದಳು!" ಎಂದು ಕಿರುಚಿ ಸಣ್ಣೀರಿ ಬಾಲವನ್ನು ಕೈಬಿಟ್ಟಳು.

"ಮುಟ್ಟಿ ನೋಡಿ ಅಂದೆ, ಕಿತ್ತು ನೋಡಿ ಅಂದೆನಾ?" ಎಂದಳು ತಾಯವ್ವ.

ಅಷ್ಟರಲ್ಲಿ ಬೆಕ್ಕು ಹಾರಿಬಂತು. ಹಲ್ಲಿಯಕ್ಕನ ಕಡೆ ತಿರುಗಿಯೂ ನೋಡದೆ, ಕುಣಿಯುವ ಬಾಲವನ್ನು ಗಬಕ್ಕನೆ ತಿಂದು ಹೋಯಿತು.

ಹಲ್ಲಿಯಕ್ಕ ಎರಡು ಹೆಜ್ಜೆ ಹತ್ತಿದಳು, ಬಿದ್ದಳು. ಮತ್ತೆ ಹತ್ತಿದಳು, ಮತ್ತೆ ಬಿದ್ದಳು. "ಬಾಲವಿಲ್ಲದೆ ಗೋಡೆ ಹತ್ತೋಕಾಗ್ತಿಲ್ಲ. ಗೋಡೆ ಹತ್ತದೆ ನೊಣ ಸಿಗಲ್ಲ. ನೊಣ ಸಿಗದಿದ್ರೆ..."

ಮಕ್ಕಳು ಆ ಮಾತು ಮುಗಿಯಲು ಬಿಡಲಿಲ್ಲ. ಗೋಡೆಯ ಬುಡದ ಮಣ್ಣು ಕಲಸಿ ಬಾಲ ಮಾಡತೊಡಗಿದರು. ಕೆಂಚ ದಪ್ಪ ಮಾಡಿದ, ದ್ಯಾಮಿ ಗಿಡ್ಡ ಮಾಡಿದಳು, ಸಣ್ಣೀರಿ ಅಳುತ್ತಳುತ್ತಲೇ ಅದನ್ನು ತಟ್ಟಿದಳು. ಮೂವರೂ ಸೇರಿ ಹಲ್ಲಿಯಕ್ಕನಿಗೆ ಹಚ್ಚಿದರು.

"ಇದೇನು, ಬಾಲವೋ ಬದನೆಕಾಯಿಯೋ?" ಎಂದಳು ಕೆಳಗಿನಿಂದ ಭೂಮಿತಾಯಿ. "ನಾನಾಗಿದ್ದರೆ ಚಂದದ ಪಟ್ಟೆ ಹಾಕಿರುತ್ತಿದ್ದೆ."

"ಪಟ್ಟೆ ಬೇಡಮ್ಮ, ಜೀವ ಹಾಕು" ಎಂದಳು ಸಣ್ಣೀರಿ.

ಭೂಮಿತಾಯಿ ಮೆಲ್ಲಗೆ ಉಸಿರೂದಿದಳು. ಮಣ್ಣಿನ ಬಾಲ ಅಲ್ಲಾಡಿತು! ಹಲ್ಲಿಯಕ್ಕ ಸರಸರನೆ ಗೋಡೆ ಹತ್ತಿದಳು. ಮೊದಲು ನೊಣ ಹಿಡಿದಳು, ಆಮೇಲೆ ಬೆಕ್ಕಿನ ಬಗ್ಗೆ ಯೋಚಿಸಿದಳು: ಬಾಲ ಕುಣಿಯುತ್ತಿದ್ದರೆ ಅದು ನನ್ನ ಕಡೆ ನೋಡುವುದೇ ಇಲ್ಲವಲ್ಲ!

ಅದಕ್ಕೇ ಇವತ್ತಿಗೂ ಬೆಕ್ಕು ಅಟ್ಟಿಸಿಕೊಂಡು ಬಂದರೆ ಹಲ್ಲಿ ತನ್ನ ಬಾಲವನ್ನು ಕುಣಿಯಲು ಬಿಟ್ಟು ಓಡಿಹೋಗುತ್ತದೆ. ಮತ್ತೆ ಬೆಳೆಯುವ ಬಾಲ ಮೊಂಡಾಗಿ, ಪಟ್ಟೆಯಿಲ್ಲದೆ, ಹೆದರಿದ ಮೂರು ಮಕ್ಕಳು ಗಡಿಬಿಡಿಯಲ್ಲಿ ಮಾಡಿದ ಹಾಗೇ ಇರುತ್ತದೆ.